ಲೆಕ್ಕ ಒಂದು, ನೆಲ ಎರಡು: ನೋಡ್ ಮಾಡ್ಯೂಲನ್ನು ಬ್ರೌಸರಿಗೆ ತರುವಾಗ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಶನಿವಾರ ಸಂಜೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಣ್ಣ ಸಾಫ್ಟ್‌ವೇರ್ ಕೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೂರು ಚೀಲ ಮೆಣಸಿನಕಾಯಿಯಿಂದ ಶುರು ಮಾಡುತ್ತೇನೆ. ಮೊದಲನೆಯ ಚೀಲ 31 ಕೆಜಿ, ಎರಡನೆಯದು 33, ಮೂರನೆಯದು 35. ಧಾರಣೆ ಕ್ವಿಂಟಲಿಗೆ 18,450 ರೂಪಾಯಿ, ಅಂದರೆ ಕೆಜಿಗೆ 184 ರೂಪಾಯಿ 50 ಪೈಸೆ. ಬೇಕಾದರೆ ಈಗಲೇ ನಿಮ್ಮ ಫೋನಿನಲ್ಲಿ ಗುಣಿಸಿ ನೋಡ್ರಿ.

ಬ್ಯಾಡಗಿಯ ಮಾರ್ಕೆಟ್ ಯಾರ್ಡನ್ನು ಹಂಗಾಮಿನಲ್ಲಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಕಡ್ಡಿ, ಡಬ್ಬಿ ಎರಡೂ ತಳಿಯ ಚೀಲಗಳು ಕಣ್ಣು ಹಾಯುವವರೆಗೆ, ಗಾಳಿಯಲ್ಲೇ ಘಾಟು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೆಣಸಿನಕಾಯಿ ಅದು. ಅಲ್ಲಿಯ ಒಂದು ದಲಾಲಿ ಅಂಗಡಿಗೆ ನಾನು ಲೆಕ್ಕಪಟ್ಟಿಯ ವೆಬ್ ಅಪ್ಲಿಕೇಶನ್ ಬರೆದುಕೊಟ್ಟಿದ್ದೆ. ಗುಮಾಸ್ತರು ಫೋನಿನಲ್ಲಿ ತೂಕ ಹಾಕುತ್ತಾರೆ, ಸರ್ವರ್ ಲೆಕ್ಕ ಮಾಡುತ್ತದೆ, ರೈತರ ಕೈಗೆ ಪಟ್ಟಿ ಬರುತ್ತದೆ. ಸರ್ವರಿನಲ್ಲಿ ಇರುವುದು ನೋಡ್, ಅಂದರೆ ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ತಂತ್ರಾಂಶ. ಮಾರುಕಟ್ಟೆಯ ದಿನ ಯಾರ್ಡಿನಲ್ಲಿ ಸಾವಿರಾರು ಮಂದಿ, ಎಲ್ಲರ ಕೈಯಲ್ಲೂ ಫೋನು. ನೆಟ್ ಇದೆ ಎಂದು ತೋರಿಸುತ್ತದೆ, ಆದರೆ ಒಂದು ಅಕ್ಷರವೂ ದಾಟುವುದಿಲ್ಲ. ಗುಮಾಸ್ತರು ಸುಮ್ಮನೆ ಕಾಯಬಾರದೆಂದು ನಾನು ಅದೇ ಲೆಕ್ಕವನ್ನು ಬ್ರೌಸರಿನಲ್ಲಿ ಇನ್ನೊಮ್ಮೆ ಬರೆದೆ. ತೂಕ ಹಾಕಿದ ತಕ್ಷಣ ಮೊತ್ತ ಕಾಣಲಿ, ನೆಟ್ ಬಂದಾಗ ಸರ್ವರಿನ ಪಟ್ಟಿ ಬರಲಿ ಎಂಬ ಯೋಚನೆ.

ಒಂದು ಗುರುವಾರ ವಯಸ್ಸಾದ ಒಬ್ಬ ರೈತರು ಪಟ್ಟಿ ಹಿಡಿದುಕೊಂಡು ನಿಂತರು. "ತಮ್ಮಾ, ಫೋನಿನ್ಯಾಗ ಹದಿನೆಂಟ ಸಾವಿರದ ಇನ್ನೂರಾ ಅರವತ್ತೇಳು ತೋರಿಸ್ದಿ. ಹಾಳ್ಯಾಗ ಅರವತ್ತಾರು ಐತಿ. ಎರಡೂ ನಿಂದ ಕಂಪ್ಯೂಟರ್ ಹೇಳಿದ್ದು. ಖರೇ ಯಾವುದು?"

ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ನೋಡಿದೆ. ಬ್ರೌಸರಿನಲ್ಲಿ ಬರೆದ ಕೋಡು ಒಂದೊಂದು ಚೀಲದ ಮೊತ್ತವನ್ನೂ ಪೂರ್ಣ ರೂಪಾಯಿಗೆ ತರುತ್ತಿತ್ತು: 5,719.50 ಹೋಗಿ 5,720, 6,088.50 ಹೋಗಿ 6,089, 6,457.50 ಹೋಗಿ 6,458. ಕೂಡಿದರೆ 18,267. ಸರ್ವರು ಮೊದಲು ತೂಕ ಕೂಡಿ, 99 ಕೆಜಿಗೆ 18,265.50 ಎಂದು ಲೆಕ್ಕ ಹಾಕಿ, ಕೊನೆಗೆ ಒಮ್ಮೆ ಮಾತ್ರ 18,266 ಮಾಡುತ್ತಿತ್ತು. ಎರಡೂ ನಾನೇ ಬರೆದದ್ದು, ಆರು ತಿಂಗಳ ಅಂತರದಲ್ಲಿ. ಒಂದು ರೂಪಾಯಿ ದೊಡ್ಡದಲ್ಲ ಅನ್ನಬಹುದು. ಆದರೆ ಅವರು ಕೇಳಿದ್ದು ರೂಪಾಯಿಯನ್ನಲ್ಲ, ಖರೇ ಯಾವುದು ಎಂದು. ಒಂದು ಲೆಕ್ಕ ಎರಡು ಕಡೆ ಬರೆದಿದ್ದರೆ ಆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಲೆಕ್ಕ ಒಂದೇ ಕಡೆ ಇರಬೇಕು. ಸರ್ವರಿನಲ್ಲಿ ಅದು ಆಗಲೇ ಒಂದು ಪ್ಯಾಕೇಜಾಗಿ, ಅಂದರೆ ಬೇಕಾದ ಕಡೆ ಕರೆದು ಬಳಸುವ ಕೋಡಿನ ಗಂಟಾಗಿ, ಇತ್ತು, ಟೆಸ್ಟ್‌ಗಳೂ ಇದ್ದವು. ಅದನ್ನೇ ಬ್ರೌಸರಿಗೆ ಒಯ್ದರಾಯಿತು, ಎರಡೂ ಜಾವಾಸ್ಕ್ರಿಪ್ಟೇ ತಾನೆ ಅಂದುಕೊಂಡೆ. ಸ್ಕ್ರಿಪ್ಟ್ ಟ್ಯಾಗಿನಲ್ಲಿ ಫೈಲಿನ ಹೆಸರು ಬರೆದು ಪುಟ ತೆರೆದೆ. ಕನ್ಸೋಲಿನಲ್ಲಿ ಕೆಂಪು ಸಾಲು ಬಂತು: ರಿಕ್ವಾಯರ್ ಈಸ್ ನಾಟ್ ಡಿಫೈನ್ಡ್.

ಈ ಸಾಲನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ನೋಡಿದ ಕೂಡಲೇ ಹುಡುಕಿ, ಎಲ್ಲೋ ಸಿಕ್ಕ ನಾಲ್ಕು ಸಾಲು ಅಂಟಿಸಿ ಮುಂದೆ ಹೋಗಿರುತ್ತೀರಿ. ಇವತ್ತು ಅಲ್ಲಿ ಸ್ವಲ್ಪ ನಿಲ್ಲೋಣ. ಈ ತಪ್ಪು ಯಾಕೆ ಬರುತ್ತದೆ ಎಂದು ತಿಳಿದರೆ ಮುಂದಿನ ಅರ್ಧ ತೊಂದರೆ ತಾನಾಗಿಯೇ ತಿಳಿಯುತ್ತದೆ.

ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ, ನೆಟ್‌ಸ್ಕೇಪ್ ಬ್ರೌಸರಿನ ಒಳಗೆ. ಒಂದು ಫೈಲು ಇನ್ನೊಂದನ್ನು ಕರೆದುಕೊಳ್ಳುವ ವ್ಯವಸ್ಥೆ ಆಗ ಭಾಷೆಯಲ್ಲಿ ಇರಲೇ ಇಲ್ಲ. ಹದಿನಾಲ್ಕು ವರ್ಷದ ನಂತರ, 2009ರಲ್ಲಿ, ರಯಾನ್ ಡಾಲ್ ಕ್ರೋಮ್ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನನ್ನು ಹೊರಗೆ ತಂದು ಸರ್ವರಿನಲ್ಲಿ ಓಡುವ ನೋಡ್ ಮಾಡಿದರು. ಸರ್ವರಿನಲ್ಲಿ ನೂರಾರು ಫೈಲುಗಳ ಕೆಲಸ ಇರುತ್ತದೆ, ಹಾಗಾಗಿ ಒಂದು ವ್ಯವಸ್ಥೆ ಬೇಕೇ ಬೇಕಾಯಿತು. ಅದೇ ಹೊತ್ತಿಗೆ ರೂಪುಗೊಳ್ಳುತ್ತಿದ್ದ ಕಾಮನ್‌ಜೆಎಸ್ ಪದ್ಧತಿಯನ್ನು ನೋಡ್ ಹಿಡಿಯಿತು. ರಿಕ್ವಾಯರ್ ಬಂದದ್ದು ಅಲ್ಲಿಂದ. ಅದು ಜಾವಾಸ್ಕ್ರಿಪ್ಟ್ ಭಾಷೆಯ ಪದವಲ್ಲ, ನೋಡ್ ನಮ್ಮ ಕೈಗೆ ಕೊಡುವ ಒಂದು ಫಂಕ್ಷನ್. ಪ್ರತಿ ಫೈಲನ್ನೂ ನೋಡ್ ಒಂದು ಫಂಕ್ಷನ್ನಿನಲ್ಲಿ ಸುತ್ತಿ, ಎಕ್ಸ್‌ಪೋರ್ಟ್ಸ್, ರಿಕ್ವಾಯರ್, ಮಾಡ್ಯೂಲ್, ಫೈಲಿನ ಹೆಸರು, ಫೋಲ್ಡರಿನ ಹೆಸರು ಎಂಬ ಐದನ್ನು ಒಳಗೆ ಕಳಿಸುತ್ತದೆ. ಬ್ರೌಸರು ಹಾಗೆ ಸುತ್ತುವುದಿಲ್ಲ, ಅದಕ್ಕೇ ಆ ಹೆಸರು ಅದಕ್ಕೆ ಗೊತ್ತಿಲ್ಲ.

ಬ್ರೌಸರಿನವರು ರಿಕ್ವಾಯರನ್ನು ಯಾಕೆ ಸೇರಿಸಿಕೊಳ್ಳಲಿಲ್ಲ ಎನ್ನುವುದು ಮುಖ್ಯ. ನೋಡ್‌ನಲ್ಲಿ ರಿಕ್ವಾಯರ್ ಅಂದರೆ ಪಕ್ಕದ ಡಿಸ್ಕಿನಿಂದ ಫೈಲು ಓದಿ, ಓಡಿಸಿ, ಫಲಿತಾಂಶವನ್ನು ಅದೇ ಸಾಲಿನಲ್ಲಿ ಕೈಗಿಡುವುದು. ಅಲ್ಲಿಯವರೆಗೆ ಮುಂದಿನ ಸಾಲು ಕಾಯುತ್ತದೆ. ಡಿಸ್ಕು ಪಕ್ಕದಲ್ಲೇ ಇರುವುದರಿಂದ ಕಾಯುವುದು ಗೊತ್ತಾಗುವುದಿಲ್ಲ. ಬ್ರೌಸರಿಗೆ ಫೈಲು ಇರುವುದು ನೆಟ್ ಆಚೆ. ಬ್ಯಾಡಗಿ ಯಾರ್ಡಿನ ನೆಟ್ ನೆನಪಿಸಿಕೊಳ್ಳಿ. ಒಂದು ಸಾಲಿಗಾಗಿ ಕಾಯುತ್ತ ನಿಂತರೆ ಪುಟ ಸರಿಯುವುದಿಲ್ಲ, ಬಟನ್ ಒತ್ತಿದರೆ ಓಗೊಡುವುದಿಲ್ಲ, ಯಾಕೆಂದರೆ ಅದೆಲ್ಲ ನಡೆಯುವುದೂ ಅದೇ ಒಂದು ದಾರದ (ಥ್ರೆಡ್ಡಿನ) ಮೇಲೆ.

ಹುಬ್ಬಳ್ಳಿಯ ಹಿರಿಯರಿಗೆ ಮೀಟರ್ ಗೇಜಿನ ಕಾಲ ನೆನಪಿದೆ. ಒಂದು ಮೀಟರ್ ಅಗಲದ ಹಳಿಯ ಮೇಲಿನ ಬೋಗಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಹಳಿಗೆ ಬರುವಂತಿರಲಿಲ್ಲ. ಸರಕು ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕು. ಹತ್ತಿ ಹತ್ತಿಯೇ, ಜೋಳ ಜೋಳವೇ. ಹೊಂದದ್ದು ಗಾಲಿ. ನಮ್ಮ ಪ್ಯಾಕೇಜಿನ ಮಾತೂ ಅದೇ. ಒಳಗಿನ ಲೆಕ್ಕ ಎಲ್ಲಿಯಾದರೂ ಓಡುತ್ತದೆ. ಅದನ್ನು ಹೊತ್ತ ಗಾಲಿ ಸರ್ವರಿನ ಹಳಿಗೆ ಮಾಡಿದ್ದು.

ಸರಕನ್ನು ಇಳಿಸಿ ಹೇರುವ ಕೆಲಸಗಾರನೇ ಬಂಡ್ಲರ್. 2011ರಲ್ಲಿ ಬಂದ ಬ್ರೌಸರಿಫೈ ಈ ದಾರಿಯನ್ನು ಮೊದಲು ಚೆನ್ನಾಗಿ ತೋರಿಸಿತು. ಆಮೇಲೆ ವೆಬ್‌ಪ್ಯಾಕ್, ರೋಲಪ್, 2020ರಲ್ಲಿ ಇಎಸ್‌ಬಿಲ್ಡ್ ಮತ್ತು ವೀಟ್. ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಅವು ಮಾಡುವ ಕೆಲಸವನ್ನು ಒಮ್ಮೆ ನೀವೇ ಕೈಯಾರೆ ಮಾಡಿ ನೋಡಿ. ಬೋರ್ಡಿನ ಮೇಲೆ ಎರಡು ಫೈಲು ಬರೆಯುತ್ತೇನೆ. ಒಂದರ ಹೆಸರು ತೂಕ, ಇನ್ನೊಂದು ಪಟ್ಟಿ. ಪಟ್ಟಿಯ ಮೊದಲ ಸಾಲಿನಲ್ಲಿ ತೂಕವನ್ನು ರಿಕ್ವಾಯರ್ ಮಾಡಿದೆ. ಈಗ ಮೂರನೆಯ ಒಂದು ಖಾಲಿ ಫೈಲು ತೆಗೆದುಕೊಳ್ಳಿ. ಅದರಲ್ಲಿ ಒಂದು ಕೋಷ್ಟಕ ಮಾಡಿ. ಒಂದನೆಯ ಮನೆಯಲ್ಲಿ ಪಟ್ಟಿ ಫೈಲಿನ ಇಡೀ ಪಠ್ಯವನ್ನು ಒಂದು ಫಂಕ್ಷನ್ನಿನ ಒಳಗೆ ಇಡಿ. ಎರಡನೆಯ ಮನೆಯಲ್ಲಿ ತೂಕ ಫೈಲಿನದನ್ನು ಹಾಗೆಯೇ ಇಡಿ. ಆಮೇಲೆ ರಿಕ್ವಾಯರ್ ಎಂಬ ಹೆಸರಿನ ಐದಾರು ಸಾಲಿನ ಫಂಕ್ಷನ್ ನೀವೇ ಬರೆಯಿರಿ. ಹೆಸರು ಕೊಟ್ಟರೆ ಅದು ಕೋಷ್ಟಕದಲ್ಲಿ ಆ ಮನೆ ಹುಡುಕಬೇಕು, ಹಿಂದೆ ಓಡಿಸಿದ್ದರೆ ಇಟ್ಟುಕೊಂಡ ಫಲಿತಾಂಶ ಕೊಡಬೇಕು, ಇಲ್ಲದಿದ್ದರೆ ಓಡಿಸಿ, ಇಟ್ಟುಕೊಂಡು, ಕೊಡಬೇಕು. ಕೊನೆಯ ಸಾಲಿನಲ್ಲಿ ಒಂದನೆಯ ಮನೆಯನ್ನು ಕರೆಯಿರಿ. ಅಷ್ಟೇ. ಎಲ್ಲ ಫೈಲೂ ಒಂದೇ ಗಂಟಿನಲ್ಲಿ ಮೊದಲೇ ಬಂದಿರುವುದರಿಂದ ರಿಕ್ವಾಯರ್ ಕಾಯಬೇಕಾದ ಪ್ರಸಂಗವೇ ಇಲ್ಲ. ಬ್ರೌಸರಿಫೈ ಮಾಡಿದ ಗಂಟನ್ನು ಬಿಚ್ಚಿ ನೋಡಿದರೂ ಒಳಗೆ ಈ ಕೋಷ್ಟಕವೇ ಕಾಣುತ್ತದೆ. ಇದನ್ನು ಒಮ್ಮೆ ಕೈಯಿಂದ ಬರೆದ ವಿದ್ಯಾರ್ಥಿಗೆ ಬಂಡ್ಲರಿನ ಬಗ್ಗೆ ಮತ್ತೆ ಭಯ ಇರುವುದಿಲ್ಲ. ನಾನು ಕಲಿಸಿದ ಹುಡುಗರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಭಾಷೆಗೇ ಸೇರಿದ ಇಂಪೋರ್ಟ್, ಎಕ್ಸ್‌ಪೋರ್ಟ್ 2015ರಲ್ಲಿ ಬಂದವು. ಬ್ರೌಸರುಗಳು 2017ರಿಂದ ಅವನ್ನು ನೇರವಾಗಿ ಓದತೊಡಗಿದವು. ಹೊಸ ಕೆಲಸಕ್ಕೆ ಇವನ್ನೇ ಬಳಸಿ. ರಿಕ್ವಾಯರನ್ನು ಇಫ್ ಒಳಗೂ ಕರೆಯಬಹುದು, ಹೆಸರನ್ನು ಓಡುವಾಗ ಕಟ್ಟಿಯೂ ಕರೆಯಬಹುದು. ಇಂಪೋರ್ಟ್ ಸಾಲು ಹಾಗಲ್ಲ, ಓಡಿಸುವ ಮುಂಚೆಯೇ ಯಾವ ಫೈಲಿನಿಂದ ಯಾವ ಹೆಸರು ಬೇಕು ಎಂದು ಓದಿ ಹೇಳಬಹುದು. ಹಾಗಾಗಿ ಬಂಡ್ಲರು ಯಾರೂ ಕೇಳದ ಫಂಕ್ಷನ್ನುಗಳನ್ನು ಗಿಡ ಅಲ್ಲಾಡಿಸಿ ಒಣಗಿದ ಎಲೆ ಉದುರಿಸಿದ ಹಾಗೆ ಉದುರಿಸಿಬಿಡುತ್ತದೆ.

ನಮ್ಮ ಪ್ಯಾಕೇಜಿಗೆ ಮರಳುತ್ತೇನೆ. ವೆಬ್‌ಪ್ಯಾಕ್ ಹಾಕಿದೆ. ಈಗ ರಿಕ್ವಾಯರ್ ತಪ್ಪು ಹೋಯಿತು, ಅದರ ಜಾಗಕ್ಕೆ ಬೇರೆ ತಪ್ಪುಗಳು ಬಂದವು: ಎಫ್‌ಎಸ್ ಸಿಗುತ್ತಿಲ್ಲ, ಕ್ರಿಪ್ಟೋ ಸಿಗುತ್ತಿಲ್ಲ, ಬಫರ್ ಸಿಗುತ್ತಿಲ್ಲ. ಮೂರೂ ನೋಡ್ ಜೊತೆಗೇ ಬರುವವು: ಮೊದಲನೆಯದು ಡಿಸ್ಕಿನ ಫೈಲು ಓದಲು, ಎರಡನೆಯದು ಹ್ಯಾಶ್ ಮುಂತಾದ ಗುಪ್ತಲಿಪಿ ಕೆಲಸಕ್ಕೆ, ಮೂರನೆಯದು ಬೈಟುಗಳನ್ನು ಹಿಡಿದಿಡಲು. 2020ರ ಅಕ್ಟೋಬರಿನಲ್ಲಿ ಬಂದ ವೆಬ್‌ಪ್ಯಾಕ್ 5ಕ್ಕೆ ಮುಂಚೆ ಇವುಗಳಲ್ಲಿ ಕ್ರಿಪ್ಟೋ, ಬಫರಿನ ತಪ್ಪುಗಳು ಕಾಣಿಸುತ್ತಲೇ ಇರಲಿಲ್ಲ. ನೋಡ್‌ನ ಒಳ ಮಾಡ್ಯೂಲುಗಳ ಅನುಕರಣೆಗಳನ್ನು, ಅಂದರೆ ಪಾಲಿಫಿಲ್‌ಗಳನ್ನು, ಹಳೆಯ ಆವೃತ್ತಿಗಳು ಕೇಳದೆಯೇ ತುಂಬುತ್ತಿದ್ದವು. ಐದನೆಯದು ಅದನ್ನು ನಿಲ್ಲಿಸಿತು. ಆಗ ಬಹಳ ಮಂದಿ ಬೈದರು. ನಿಲ್ಲಿಸಿದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಆ ತಪ್ಪಿನ ಪಟ್ಟಿ ನನ್ನ ಪ್ಯಾಕೇಜಿನ ಬಗ್ಗೆ ನನಗೇ ಗೊತ್ತಿರದ ಒಂದು ಸಂಗತಿ ಹೇಳಿತು. ಮೊತ್ತ ಲೆಕ್ಕ ಹಾಕುವ ಪ್ಯಾಕೇಜು ಡಿಸ್ಕನ್ನು ಯಾಕೆ ಮುಟ್ಟಬೇಕು?

ಇವತ್ತು ನಿಮಗೆ ಹೇಳಬೇಕೆಂದು ಬಂದದ್ದು ಇದನ್ನೇ. ಪ್ಯಾಕೇಜನ್ನು ತರುವ ಮುಂಚೆ ಅದು ಯಾವ ನೆಲದ ಮೇಲೆ ನಿಂತಿದೆ ಎಂದು ಕೇಳಿ. ಅದು ಡಿಸ್ಕನ್ನು ನಂಬಿದೆಯೋ, ನೆಟ್ ಮೇಲಿನ ನೇರ ಸಂಪರ್ಕವಾದ ಸಾಕೆಟ್ಟನ್ನೋ, ಸರ್ವರಿನ ಪರಿಸರದಲ್ಲಿಟ್ಟ ಗುಟ್ಟಿನ ಕೀಲಿಯನ್ನೋ. ಲೆಕ್ಕವನ್ನು ಆ ನೆಲದಿಂದ ಬಿಡಿಸಿದ ಮೇಲೆ ತರುವುದು ದೊಡ್ಡ ಮಾತಲ್ಲ. ಬಿಡಿಸದೆ ತಂದರೆ ಸರ್ವರಿನ ನೆಲವನ್ನೇ ಅಗೆದು ಫೋನಿಗೆ ತುಂಬಬೇಕಾಗುತ್ತದೆ.

ಒಂದೊಂದಾಗಿ ನೋಡಿದೆ. ಡಿಸ್ಕು ಬೇಕಾಗಿದ್ದು ಹಮಾಲಿ ದರ, ಚೀಲದ ತೂಕದ ವಜಾ ಇವೆಲ್ಲ ಒಂದು ಜೇಸನ್ ಫೈಲಿನಲ್ಲಿ ಇದ್ದುದರಿಂದ. ಪ್ಯಾಕೇಜು ಶುರುವಾಗುವಾಗ ತಾನೇ ಹೋಗಿ ಆ ಫೈಲು ಓದುತ್ತಿತ್ತು. ಪರಿಹಾರಕ್ಕೆ ಯಾವ ಪಾಲಿಫಿಲ್ಲೂ ಬೇಕಾಗಲಿಲ್ಲ. ದರಗಳನ್ನು ಫಂಕ್ಷನ್ನಿಗೆ ಹೊರಗಿನಿಂದ ಕೊಟ್ಟೆ. ಸರ್ವರು ಡಿಸ್ಕಿನಿಂದ ಓದಿ ಕೊಡುತ್ತದೆ. ಬ್ರೌಸರು ಬೆಳಿಗ್ಗೆ ನೆಟ್ ಇರುವಾಗ ಒಮ್ಮೆ ತರಿಸಿಕೊಂಡು ತನ್ನೊಳಗಿನ ಸಂಗ್ರಹವಾದ ಇಂಡೆಕ್ಸ್ಡ್‌ಡಿಬಿಯಲ್ಲಿ ಇಟ್ಟುಕೊಂಡು ಕೊಡುತ್ತದೆ. ಲೆಕ್ಕಕ್ಕೆ ದರ ಎಲ್ಲಿಂದ ಬಂತು ಎನ್ನುವುದು ಗೊತ್ತಾಗಬೇಕಿಲ್ಲ.

ಬಫರಿನ ಕಥೆ ಬೇರೆ, ಅದರಲ್ಲಿ ನಾನು ಹೊಸದೊಂದು ಕಲಿತೆ. ರೈತರಿಗೆ ಕನ್ನಡದಲ್ಲಿ ಎಸ್ಎಂಎಸ್ ಹೋಗುತ್ತದೆ. ಅದು ಒಂದೇ ಸಂದೇಶದಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಹಳೆಯ ಕೋಡಿನಲ್ಲಿ ಬಫರ್ ಬಳಸಿ ಬೈಟ್ ಎಣಿಸಿದ್ದೆ. "ಹುಬ್ಬಳ್ಳಿ" ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟಿಗೆ ಅದರ ಉದ್ದ ಕೇಳಿದರೆ 9 ಅನ್ನುತ್ತದೆ. ಹ, ಉಕಾರದ ಚಿಹ್ನೆ, ಬ, ವಿರಾಮ, ಮತ್ತೆ ಬ, ಳ, ವಿರಾಮ, ಮತ್ತೆ ಳ, ಗುಡಿಸು. ಬಫರಿಗೆ ಕೇಳಿದರೆ 27, ಯಾಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಆದರೆ ಕನ್ನಡ ಎಸ್ಎಂಎಸ್ ಹೋಗುವುದು ಯುಟಿಎಫ್-8ರಲ್ಲಲ್ಲ. ಅಲ್ಲಿ ಪ್ರತಿ ಸಂಕೇತಕ್ಕೆ ಎರಡು ಬೈಟು, ಒಂದು ಸಂದೇಶಕ್ಕೆ 140 ಬೈಟು, ಅಂದರೆ 70 ಸಂಕೇತ. ಹುಬ್ಬಳ್ಳಿ ಅಲ್ಲಿ 18 ಬೈಟು. ನಾನು ಎಣಿಸುತ್ತಿದ್ದುದೇ ತಪ್ಪು ವಸ್ತುವನ್ನು. ಸರಳವಾಗಿ ಉದ್ದ ಕೇಳಿ 70ರ ಜೊತೆ ಹೋಲಿಸಿದ್ದರೆ ಸಾಕಿತ್ತು. ಬಫರಿಗೆ ಪಾಲಿಫಿಲ್ ತುಂಬಿದ್ದರೆ ತಪ್ಪು ಲೆಕ್ಕ ಬ್ರೌಸರಿನಲ್ಲೂ ಯಾವ ದೂರೂ ಇಲ್ಲದೆ ಓಡುತ್ತಿತ್ತು. ನಿಜವಾಗಿ ಬೈಟುಗಳೇ ಬೇಕಾದ ಕಡೆ ಯುಇಂಟ್8ಅರೇ ಮತ್ತು ಟೆಕ್ಸ್ಟ್‌ಎನ್‌ಕೋಡರ್ ಬಳಸಿ, ಎರಡೂ ಕಡೆ ಇವೆ. ನೋಡ್‌ನ ಬಫರು ಕೂಡ ಒಳಗೆ ಯುಇಂಟ್8ಅರೇಯ ಮಗುವೇ.

ಕ್ರಿಪ್ಟೋ ನನ್ನನ್ನು ಒಂದು ಇಡೀ ದಿನ ತಿಂದಿತು. ಪಟ್ಟಿಯನ್ನು ಯಾರೂ ತಿದ್ದಿಲ್ಲ ಎಂದು ನೋಡಲು ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತು, ತೆಗೆಯುತ್ತಿದ್ದೆವು. ನೋಡ್‌ನಲ್ಲಿ ಅದು ಅದೇ ಸಾಲಿನಲ್ಲಿ ಉತ್ತರ ಕೊಡುತ್ತದೆ. ಬ್ರೌಸರಿನ ವೆಬ್ ಕ್ರಿಪ್ಟೋ ಪ್ರಾಮಿಸ್, ಅಂದರೆ ಉತ್ತರ ಆಮೇಲೆ ಬರುತ್ತದೆ ಎಂಬ ಮಾತು, ಕೊಡುತ್ತದೆ. ಹಾಗಾಗಿ ಕರೆಯುವ ಪ್ರತಿ ಫಂಕ್ಷನ್ನೂ ಕಾಯುವ ಫಂಕ್ಷನ್ ಆಗಬೇಕು. ಅದನ್ನು ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿತು. ಫೋನಿನಲ್ಲಿ ನೋಡೋಣ ಎಂದು ಅದೇ ವೈಫೈನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ ಹಾಕಿ ತೆರೆದರೆ ಕ್ರಿಪ್ಟೋದ ಸಟಲ್ ಎಂಬ ಭಾಗವೇ ಇಲ್ಲ, ಅನ್‌ಡಿಫೈನ್ಡ್. ಫೋನು ಹಳೆಯದೆಂದುಕೊಂಡೆ. ಬೇರೆ ಫೋನು ತಂದೆ, ಅಲ್ಲೂ ಅದೇ. ಕಾರಣ ಇಷ್ಟು: ವೆಬ್ ಕ್ರಿಪ್ಟೋ ಸಿಗುವುದು ಸುರಕ್ಷಿತ ಪುಟಗಳಲ್ಲಿ ಮಾತ್ರ, ಅಂದರೆ ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್. ಲ್ಯಾಪ್‌ಟಾಪಿನಲ್ಲಿ ನಾನು ತೆರೆದದ್ದು ಲೋಕಲ್‌ಹೋಸ್ಟ್, ಫೋನಿನಲ್ಲಿ ಬರಿಯ ಎಚ್‌ಟಿಟಿಪಿ. ನೆಟ್ ಇಲ್ಲದಾಗಲೂ ಪುಟ ತೆರೆಯಲು ಬೇಕಾದ ಸರ್ವಿಸ್ ವರ್ಕರಿಗೂ ಇದೇ ನಿಯಮ. ನಿಮ್ಮಲ್ಲಿ ಒಬ್ಬರಿಗಾದರೂ ಒಂದು ದಿನ ಉಳಿಯಲಿ ಎಂದು ಇದನ್ನು ಇಷ್ಟು ಬಿಡಿಸಿ ಹೇಳಿದೆ.

ಡೇಟಾಬೇಸ್ ಡ್ರೈವರ್ ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮೈಎಸ್‌ಕ್ಯೂಎಲ್ ಪ್ಯಾಕೇಜನ್ನು ಬ್ರೌಸರಿಗೆ ಬಂಡಲ್ ಮಾಡಬಹುದೇ ಎಂದು. ಆಗುವುದಿಲ್ಲ. ಅದಕ್ಕೆ ಟಿಸಿಪಿ ಸಾಕೆಟ್ ಬೇಕು, ಬ್ರೌಸರು ಪುಟಕ್ಕೆ ಅದನ್ನು ಕೊಡುವುದಿಲ್ಲ. ಹೇಗೋ ಆಯಿತು ಎಂದೇ ಇಟ್ಟುಕೊಳ್ಳಿ, ಡೇಟಾಬೇಸಿನ ಪಾಸ್‌ವರ್ಡ್ ಪುಟ ತೆರೆದ ಪ್ರತಿಯೊಬ್ಬರ ಫೋನಿಗೂ ಹೋಗುತ್ತದೆ.

ಪಾಸ್‌ವರ್ಡ್ ಮಾತು ಬಂತು, ನನ್ನದೇ ತಪ್ಪೊಂದನ್ನು ಹೇಳಲೇಬೇಕು. ಎಸ್ಎಂಎಸ್ ಕಳಿಸುವ ಸೇವೆಯ ಕೀಲಿಯನ್ನು ಸರ್ವರಿನ ಪರಿಸರ ವೇರಿಯಬಲ್ಲಿನಲ್ಲಿ ಇಟ್ಟಿದ್ದೆ, ಪ್ರೋಸೆಸ್ ಡಾಟ್ ಎನ್ವ್ ಎಂದು ಓದುತ್ತಿದ್ದೆ. ಬ್ರೌಸರಿನಲ್ಲಿ ಪ್ರೋಸೆಸ್ ಎಂಬುದು ಇಲ್ಲ. ಹಾಗಾಗಿ ಬಂಡ್ಲರಿಗೆ, ಈ ಹೆಸರು ಕಂಡಲ್ಲಿ ಅದರ ಬೆಲೆಯನ್ನು ಹಾಕು ಎಂದು ಹೇಳಿದೆ. ಅದು ಹೇಳಿದ್ದನ್ನೇ ಮಾಡಿತು. ಕೀಲಿ ಅಕ್ಷರ ಅಕ್ಷರವಾಗಿ ಬಂಡಲಿನ ಒಳಗೆ ಕೂತಿತು. ಎರಡು ದಿನದ ಮೇಲೆ ಬೇರೆ ಏನೋ ಹುಡುಕುತ್ತ ಬ್ರೌಸರಿನ ಸೋರ್ಸಸ್ ತೆರೆದಾಗ ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು. ಅದೇ ರಾತ್ರಿ ಆ ಕೀಲಿ ರದ್ದು ಮಾಡಿ ಹೊಸದು ತಂದೆ. ಬಂಡಲ್ ಎಷ್ಟೇ ಗಂಟು ಗಂಟಾಗಿದ್ದರೂ ಅದು ಬರಿಯ ಪಠ್ಯ, ಯಾರು ಬೇಕಾದರೂ ಹುಡುಕಬಹುದು. ವೀಟ್ ಈ ಕಾರಣಕ್ಕೇ ತನ್ನದೇ ಹೆಸರಿನಿಂದ ಶುರುವಾಗುವ ವೇರಿಯಬಲ್‌ಗಳನ್ನು ಮಾತ್ರ ಪುಟಕ್ಕೆ ಬಿಡುತ್ತದೆ. ಕೀಲಿ ಬೇಕಾದ ಕೆಲಸ ಸರ್ವರಿನಲ್ಲೇ ಉಳಿಯಬೇಕು. ಇದರಲ್ಲಿ ರಾಜಿ ಇಲ್ಲ.

ಗಾತ್ರದ ಬಗ್ಗೆ ಸ್ವಲ್ಪ. ಸರ್ವರಿನಲ್ಲಿ ಪ್ಯಾಕೇಜುಗಳನ್ನು ಇಡುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಎಷ್ಟು ಊದಿದರೂ ಡಿಸ್ಕು ನುಂಗಿಕೊಳ್ಳುತ್ತದೆ. ಬ್ರೌಸರಿನಲ್ಲಿ ಪ್ರತಿ ಕಿಲೋಬೈಟನ್ನೂ ಗುಮಾಸ್ತರ ಫೋನು ಇಳಿಸಿಕೊಂಡು, ಬಿಚ್ಚಿ, ಓದಬೇಕು. ನಾವು ದಿನಾಂಕ ಬರೆಯುವುದಕ್ಕೆ ಮಾತ್ರ ಮೊಮೆಂಟ್ ಪ್ಯಾಕೇಜ್ ಬಳಸಿದ್ದೆವು. ವೆಬ್‌ಪ್ಯಾಕ್ ಅದರ ಜೊತೆ ಜಗತ್ತಿನ ಭಾಷೆಗಳ ಕಡತಗಳನ್ನೆಲ್ಲ ಕಟ್ಟಿ ತಂದಿತ್ತು. ಆ ಪ್ಯಾಕೇಜಿನವರೇ 2020ರಲ್ಲಿ, ಹೊಸ ಕೆಲಸಕ್ಕೆ ಇದನ್ನು ಆರಿಸಬೇಡಿ ಎಂದು ಬರೆದರು. ಬ್ರೌಸರಿನಲ್ಲೇ ಇರುವ ಇಂಟಲ್ ಎಂಬ ಸೌಲಭ್ಯ ಸಾಕಾಯಿತು. ಅದು ಕನ್ನಡದಲ್ಲಿ ತಿಂಗಳ ಹೆಸರು ಕೊಡುತ್ತದೆ, ಕೇಳಿದರೆ ಕನ್ನಡ ಅಂಕಿಗಳಲ್ಲೇ ದಿನಾಂಕ ಬರೆಯುತ್ತದೆ, ಭಾರತದ ಇಂಗ್ಲಿಷ್ ಎಂದು ಭಾಷೆ ಹೇಳಿದರೆ ಲಕ್ಷ ಕೋಟಿಗೆ ಅಲ್ಪವಿರಾಮವನ್ನು ನಮ್ಮ ಪದ್ಧತಿಯಲ್ಲೇ ಹಾಕುತ್ತದೆ.

ಪಿಡಿಎಫ್‌ನಲ್ಲೂ ಹೀಗೇ ಆಯಿತು. ಸರ್ವರಿನ ಪಿಡಿಎಫ್ ಪ್ಯಾಕೇಜನ್ನು ತರಲು ನೋಡಿದೆ. ಫಾಂಟ್ ಓದಲು ಅದಕ್ಕೆ ಡಿಸ್ಕು ಬೇಕು, ಒತ್ತಕ್ಷರ ಕೂಡಿಸಲು ಇನ್ನೊಂದು ಪ್ಯಾಕೇಜು ಬೇಕು. ಕೊನೆಗೆ ಕೈಬಿಟ್ಟೆ. ಪಟ್ಟಿಯನ್ನು ಸಾಮಾನ್ಯ ಪುಟವಾಗಿ ಬರೆದು, ಮುದ್ರಣಕ್ಕೆ ಬೇರೆ ಸಿಎಸ್‌ಎಸ್ ಕೊಟ್ಟು, ಬ್ರೌಸರಿನ ಪ್ರಿಂಟನ್ನೇ ಕರೆದೆ. "ಕ್ವಿಂಟಲ್", "ಬ್ಯಾಡಗಿ", "ಒಟ್ಟು ಮೊತ್ತ" ಎಲ್ಲ ಒತ್ತಕ್ಷರವೂ ಗದಗಿನ ಒಳ್ಳೆಯ ಮುದ್ರಣಾಲಯದಲ್ಲಿ ಅಚ್ಚಾದ ಹಾಗೆ ಬಂದವು. ಕ್ರೋಮ್ ಒಳಗಿನ ಹಾರ್ಫ್‌ಬಜ್ ಕನ್ನಡದ ಅಕ್ಷರ ಕೂಡಿಸುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಬ್ರೌಸರಿಗೆ ಗೊತ್ತಿರುವುದನ್ನು ಕಲಿಸಲು ನಾನು ಪ್ಯಾಕೇಜು ಹೊತ್ತು ತರುತ್ತಿದ್ದೆ.

ಇನ್ನೊಬ್ಬರ ಪ್ಯಾಕೇಜು ತರುವಾಗ ನಂಬಿಕೆಯ ಪ್ರಶ್ನೆಯೂ ಬರುತ್ತದೆ. 2016ರ ಮಾರ್ಚಿನಲ್ಲಿ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃ ನೋಡ್ ಪ್ಯಾಕೇಜುಗಳ ಸಾರ್ವಜನಿಕ ಉಗ್ರಾಣವಾದ ಎನ್‌ಪಿಎಂನಿಂದ ತೆಗೆದಾಗ ಜಗತ್ತಿನಾದ್ಯಂತ ಬಿಲ್ಡುಗಳು ಮುರಿದವು. ಅದು ಬರಿಯ ಅಡಚಣೆ. 2025ರ ಸೆಪ್ಟೆಂಬರಿನದು ಬೇರೆ ಜಾತಿಯದು. ಚಾಕ್, ಡಿಬಗ್ ಮುಂತಾದ 18 ಪ್ಯಾಕೇಜುಗಳ ನಿರ್ವಾಹಕರೊಬ್ಬರನ್ನು ಸುಳ್ಳು ಇಮೇಲಿನಿಂದ ಮೋಸಗೊಳಿಸಿ, ಕೆಟ್ಟ ಕೋಡು ಸೇರಿಸಿದ ಆವೃತ್ತಿಗಳನ್ನು ಹೊರಡಿಸಿದರು. ಚಾಕ್ ಅನ್ನುವುದು ಟರ್ಮಿನಲ್ಲಿನಲ್ಲಿ ಅಕ್ಷರಕ್ಕೆ ಬಣ್ಣ ಹಚ್ಚುವ ಪ್ಯಾಕೇಜು, ಅಪ್ಪಟ ಸರ್ವರಿನ ಕಡೆಯದು. ಆದರೆ ಅದರಲ್ಲಿ ಸೇರಿಸಿದ ಕೋಡು ಕಾದಿದ್ದು ಬ್ರೌಸರಿಗಾಗಿ. ಯಾರಾದರೂ ಅದನ್ನು ಪುಟಕ್ಕೆ ಬಂಡಲ್ ಮಾಡಿದ್ದರೆ, ಅದು ಪುಟದ ನೆಟ್ ಸಂಚಾರದ ನಡುವೆ ಕೂತು ಕ್ರಿಪ್ಟೋ ಹಣದ ವಿಳಾಸಗಳನ್ನು ಬದಲಿಸುತ್ತಿತ್ತು. ಸರ್ವರಿನ ಪ್ಯಾಕೇಜನ್ನು ಬ್ರೌಸರಿಗೆ ತರುವ ನಮ್ಮ ಅಭ್ಯಾಸ ಅವರಿಗೂ ಗೊತ್ತಿದೆ. ಅದಕ್ಕೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್ ಫೈಲನ್ನು ರೆಪೊಸಿಟರಿಯಲ್ಲಿ ಇಡಿ, ಬಿಲ್ಡ್ ಸರ್ವರಿನಲ್ಲಿ ಅದರಲ್ಲಿದ್ದುದನ್ನೇ ತರುವ ಎನ್‌ಪಿಎಂ ಸಿಐ ಬಳಸಿ, ಹೊಸ ಆವೃತ್ತಿಗೆ ಬಂದ ದಿನವೇ ಹಾರಬೇಡಿ. ಐದು ಸಾಲಿನಲ್ಲಿ ಬರೆಯಬಹುದಾದದ್ದನ್ನು ಬರೆದುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ನಮ್ಮ ಪ್ಯಾಕೇಜು ಹೇಗೆ ಉಳಿಯಿತು? ನಡುವೆ ಲೆಕ್ಕದ ಫೈಲು. ಅದು ಏನನ್ನೂ ಇಂಪೋರ್ಟ್ ಮಾಡುವುದಿಲ್ಲ. ಮೊತ್ತಗಳೆಲ್ಲ ಪೈಸೆಯಲ್ಲಿ, ತೂಕ ಗ್ರಾಮಿನಲ್ಲಿ, ಎಲ್ಲವೂ ಪೂರ್ಣಾಂಕ. 0.1ಕ್ಕೆ 0.2 ಕೂಡಿದರೆ 0.30000000000000004 ಎನ್ನುವ ಭಾಷೆಯಲ್ಲಿ ರೈತರ ದುಡ್ಡನ್ನು ದಶಮಾಂಶದಲ್ಲಿ ಇಡಬಾರದು. ಪಕ್ಕದಲ್ಲಿ ಎರಡು ಸಣ್ಣ ಫೈಲುಗಳು, ಒಂದು ಸರ್ವರಿನ ಹ್ಯಾಶ್, ಇನ್ನೊಂದು ಬ್ರೌಸರಿನ ಹ್ಯಾಶ್. ಪ್ಯಾಕೇಜ್ ಜೇಸನ್‌ನ ಎಕ್ಸ್‌ಪೋರ್ಟ್ಸ್ ಭಾಗದಲ್ಲಿ, ಬ್ರೌಸರ್ ಕೇಳಿದರೆ ಇದು, ನೋಡ್ ಕೇಳಿದರೆ ಅದು ಎಂದು ಬರೆದಿದೆ. ಬಂಡ್ಲರು ಅದನ್ನು ಓದಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ಬ್ರೌಸರು ಲೆಕ್ಕ ಮಾಡಿದರೂ ಸರ್ವರು ಇನ್ನೊಮ್ಮೆ ಮಾಡುತ್ತದೆ. ಫೋನಿನಿಂದ ಬಂದ ಮೊತ್ತವನ್ನು ಹಾಗೆಯೇ ಒಪ್ಪುವಂತಿಲ್ಲ, ಅದು ಯಾರದೋ ಕೈಯಲ್ಲಿರುವ ಯಂತ್ರ.

ಈಚೆಗೆ ಈ ಕೆಲಸ ಹಗುರವಾಗುತ್ತಿದೆ. ನೋಡ್ ತಾನೇ ಬ್ರೌಸರಿನ ಕಡೆ ನಡೆದು ಬಂದಿದೆ. 2022ರ ನೋಡ್ 18ರಲ್ಲಿ ಫೆಚ್ ಬಂತು, ಯುಆರ್‌ಎಲ್, ವೆಬ್ ಕ್ರಿಪ್ಟೋ, ಸ್ಟ್ರೀಮ್‌ಗಳೂ ಈಗ ಅಲ್ಲಿವೆ. ಎರಡೂ ಕಡೆ ಇರುವ ಹೆಸರುಗಳಲ್ಲೇ ಬರೆಯುತ್ತ ಹೋದರೆ ಹ್ಯಾಶಿನ ಆ ಎರಡು ಫೈಲುಗಳೂ ಮುಂದೆ ಒಂದಾಗುತ್ತವೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ, ಬಂಡ್ಲರ್ ಇಲ್ದನ ಮಾಡಾಕ ಬರಂಗಿಲ್ಲೇನ್ರಿ? ಸಣ್ಣ ಪ್ರಾಜೆಕ್ಟಿಗೆ ಇಷ್ಟೆಲ್ಲ ಯಾಕ?"

ಬರುತ್ತದೆ. ಪ್ಯಾಕೇಜು ಇಂಪೋರ್ಟ್ ಪದ್ಧತಿಯಲ್ಲಿ ಬರೆದದ್ದಾಗಿದ್ದರೆ ಬ್ರೌಸರು ನೇರವಾಗಿ ಓದುತ್ತದೆ. ಒಂದೇ ತೊಡಕು, ಬರಿಯ ಹೆಸರು ಕೊಟ್ಟರೆ ಅದಕ್ಕೆ ತಿಳಿಯುವುದಿಲ್ಲ. ನೋಡ್ ಆದರೆ ಫೋಲ್ಡರಿನಿಂದ ಮೇಲಿನ ಫೋಲ್ಡರಿಗೆ ಹತ್ತುತ್ತ ನೋಡ್ ಮಾಡ್ಯೂಲ್ಸ್ ಹುಡುಕುತ್ತದೆ. ಬ್ರೌಸರಿಗೆ ಪೂರ್ಣ ವಿಳಾಸ ಬೇಕು. ಅದಕ್ಕೆ ಇಂಪೋರ್ಟ್ ಮ್ಯಾಪ್ ಎಂಬುದಿದೆ, ಪುಟದಲ್ಲಿ ಈ ಹೆಸರಿಗೆ ಈ ವಿಳಾಸ ಎಂದು ಬರೆದಿಟ್ಟರೆ ಸಾಕು. 2023ರಿಂದ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಇದೆ. ಹತ್ತು ಫೈಲಿನ ಕೆಲಸಕ್ಕೆ ನಾನೂ ಇದನ್ನೇ ಬಳಸುತ್ತೇನೆ. ಫೈಲು ನೂರಾದಾಗ, ಒಂದೊಂದಕ್ಕೂ ನೆಟ್ ಮೇಲೆ ಹೋಗಿ ಬರುವುದು ಯಾರ್ಡಿನಂಥ ಜಾಗದಲ್ಲಿ ನಡೆಯುವುದಿಲ್ಲ.

ಗದಗಿನಿಂದ ಬಂದಿದ್ದ ಗೆಳೆಯರೊಬ್ಬರು ಕೇಳಿದ್ದು: "ಎರಡೂ ಕಡೆ ಒಂದ ಉತ್ತರ ಬರ್ತೈತಿ ಅಂತ ಹೆಂಗ ಖಾತ್ರಿ ಮಾಡ್ಕೊಂಡ್ರಿ?"

ಟೆಸ್ಟ್ ಫೈಲು ಒಂದೇ. ಕೋಡು ಬದಲಾದಾಗಲೆಲ್ಲ ಅದು ಮೊದಲು ನೋಡ್‌ನಲ್ಲಿ ಓಡುತ್ತದೆ, ಆಮೇಲೆ ಕಿಟಕಿ ತೆರೆಯದ ಕ್ರೋಮ್ ಒಳಗೆ ಓಡುತ್ತದೆ. ಅದರ ಮೊದಲ ಸಾಲಿನಲ್ಲಿ ಮೂರು ಚೀಲ ಇವೆ. 31, 33, 35. ಧಾರಣೆ 18,450. ಉತ್ತರ ಎರಡೂ ಕಡೆ 18,266 ಬರದಿದ್ದರೆ ಹೊಸ ಆವೃತ್ತಿ ಬ್ಯಾಡಗಿಗೆ ಹೋಗುವುದಿಲ್ಲ.